ಕೊಕ್ಕರೆ, ಹಾತೆ ಮತ್ತು ಕಲ್ಲಕ್ಕನ ಗದ್ದೆ

ಹೋದ ವರ್ಷ ಹಕ್ಕಿ ನೋಡುವ ಹವ್ಯಾಸದವರು ಕೆಲವರು ದುರ್ಬೀನು ನೇತುಹಾಕಿಕೊಂಡು ನಮ್ಮೂರಿಗೆ ಬಂದಿದ್ದರು. ಕೆರೆ ಏರಿಯ ಮೇಲಿನ ಬಸರಿ ಮರದಲ್ಲಿ ಸಂಜೆ ಹೊತ್ತು ಬಂದು ಕೂರುವ ಕೊಕ್ಕರೆಗಳ ಫೋಟೋ ತೆಗೆದುಕೊಂಡರು. ಈ ಮರ ಉಳಿದದ್ದು ಕಲ್ಲಮ್ಮ ಎಂಬ ಹೆಂಗಸಿನಿಂದ ಎಂದು ಯಾರೋ ಅವರ ಕಿವಿಗೆ ಹಾಕಿದರು. ತಿಂಗಳಾಗುವಷ್ಟರಲ್ಲಿ ಒಂದು ಪತ್ರಿಕೆಯಲ್ಲಿ ಅವಳನ್ನು ಕೊಕ್ಕರೆಗಳ ತಾಯಿ ಎಂದು ಬರೆದರು. ಕರುಣಾಮಯಿಯಂತೆ, ಮೂಕಜೀವಿಗಳೆಂದರೆ ಪ್ರಾಣವಂತೆ. ಓದಿ ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಹಾಳೆಯಲ್ಲಿ ಗಿರಣಿಯ ಗ್ರೀಸು ಒರೆಸಿ ಹೊರಗೆ ಎಸೆದೆ.

ನಾವು ಕಲ್ಲಕ್ಕ ಎಂದು ಕರೆಯುವ ಆ ಕಲ್ಲಮ್ಮನಿಗೆ ಕೊಕ್ಕರೆ ಕಂಡರೆ ಆಗುವುದಿಲ್ಲ. ಸಸಿಮಡಿಗೆ ಇಳಿದು ಎಳೆ ಸಸಿ ತುಳಿಯುವ ಆ ಹಕ್ಕಿಯನ್ನು ಅವಳು ಏಳು ತಲೆಮಾರು ಹಿಡಿದು ಬೈಯುತ್ತಾಳೆ. "ಕಳ್ಳ ಸನ್ಯಾಸಿ, ಬಂದ್ಯಾ ಬೆಳಗಾಗಿದ್ದೇ ತಡ! ನಿನ್ನ ಕಾಲು ಮುರ್ದು ಹೋಗ!" ಎಂದು ಅವಳು ಕೂಗಿದರೆ ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಮಗೇ ಅಂದಳೋ ಎಂದು ತಲೆ ಎತ್ತುತ್ತಾರೆ. ಅವಳು ಮರ ಉಳಿಸಿದ್ದು ಮಮತೆಯಿಂದಲ್ಲ, ಸಿಟ್ಟಿನಿಂದ. ಆ ಸಿಟ್ಟಿನ ಕಥೆ ಬಿಟ್ಟು ಅವಳನ್ನು ದೇವರ ಪಟದ ಹಾಗೆ ಗೋಡೆಗೆ ತೂಗುಹಾಕಿದರೆ, ಅವಳಿಗೆ ಅನ್ಯಾಯ ಮಾಡಿದವರೆಲ್ಲ ಸುಲಭವಾಗಿ ಪಾರಾಗುತ್ತಾರೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮೂರು ಬಾಳೆಹೊನ್ನೂರಿನಿಂದ ನರಸಿಂಹರಾಜಪುರದ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು ನಡೆಯುವ ಊರು. ನಾನು ಇಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದೇನೆ, ಹೆಸರು ರಾಜಶೇಖರ್. ಮನೆಯ ಗುಟ್ಟು ಪಾತ್ರೆ ತೊಳೆಯುವವಳಿಗೆ ಗೊತ್ತು ಎನ್ನುತ್ತಾರೆ. ಗದ್ದೆಯ ಗುಟ್ಟು ಗಿರಣಿಯವನಿಗೆ ಗೊತ್ತು. ಯಾರದು ಗಟ್ಟಿ ಕಾಳು, ಯಾರದು ಬರೀ ಜೊಳ್ಳು ಎಂಬುದನ್ನು ನನ್ನ ಮುಂದೆ ಮುಚ್ಚಿಡಲು ಆಗುವುದಿಲ್ಲ.

ಕಲ್ಲಮ್ಮ ಭದ್ರಾ ಹೊಳೆಯ ಆಚೆ ದಡದವಳು. ಮದುವೆಯಾಗಿ ದೋಣಿ ದಾಟಿ ಬಂದಳು. ಅವತ್ತು ದೋಣಿ ಅಲುಗಾಡಿತೆಂದು ಅಂಬಿಗನಿಗೆ ಬೈದ ಮದುಮಗಳು ಇವಳೊಬ್ಬಳೇ ಎಂದು ಊರಿನ ಹಿರಿಯರು ಇವತ್ತಿಗೂ ನಗುತ್ತಾರೆ. ಗಂಡ ಮರುಳಸಿದ್ದಪ್ಪನಿಗೆ ಮಾತು ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಇವಳೇ ಆಡುತ್ತಿದ್ದಳು, ಅವನು ಎಲೆ ಅಡಿಕೆ ಹಾಕಿಕೊಂಡು ತಲೆಯಾಡಿಸುತ್ತಿದ್ದ. ಮಕ್ಕಳಾಗಲಿಲ್ಲ. ಅದನ್ನು ಎತ್ತಿ ಆಡಿದವರಿಗೆ ಅವಳು ಕೊಟ್ಟ ಉತ್ತರಗಳನ್ನು ಅಚ್ಚಿನಲ್ಲಿ ಹಾಕಲು ಬರುವುದಿಲ್ಲ. ಬಾಳೆಹೊನ್ನೂರಿನ ಸಂತೆಯಿಂದ ಬರುವಾಗ ಮಡಿಲಲ್ಲಿ ಇದ್ದ ಕುಂಬಳಕಾಯಿಗೆ ಲಗೇಜು ಟಿಕೇಟು ಕೇಳಿದ ಕಂಡಕ್ಟರಿಗೆ, "ನಿನ್ನ ಹೊಟ್ಟೆ ಇದಕ್ಕಿಂತ ದೊಡ್ದಿದೆ, ಅದಕ್ಕೆ ಟಿಕೇಟು ತಗಂಡಿದೀಯಾ?" ಎಂದವಳು. ನನ್ನ ಗಿರಣಿಗೆ ಬಂದರೆ ಜಗಳವಿಲ್ಲದೆ ಹೋದದ್ದೇ ಇಲ್ಲ. "ನಿನ್ನ ಮಿಷಿನ್ನಿಗೆ ಹಲ್ಲು ಜಾಸ್ತಿ ಮಾರಾಯ, ನನ್ನಕ್ಕಿ ಎಲ್ಲಾ ಕಡ್ದು ನುಚ್ಚು ಮಾಡಿದೆ" ಎನ್ನುತ್ತಿದ್ದಳು. ನುಚ್ಚನ್ನು ಮಾತ್ರ ಒಂದು ಹಿಡಿಯೂ ಬಿಡದೆ ಗುಡಿಸಿಕೊಂಡು ಹೋಗುತ್ತಿದ್ದಳು.

ಎರಡು ಸಾವಿರದ ಎರಡನೇ ಇಸವಿಯ ಮಳೆಗಾಲದಲ್ಲಿ ಮರುಳಸಿದ್ದಪ್ಪ ಕಾಮಾಲೆಯಾಗಿ ತೀರಿಹೋದ. ಕೆರೆಯ ಕೆಳಗಿನ ಗದ್ದೆಯಲ್ಲಿ ಅವನ ಪಾಲು ಇವಳಿಗೆ ಉಳಿಯಿತು. ಬದುವಿನ ಆಚೆಗೆ ಅವನ ತಮ್ಮ ಸೋಮಶೇಖರಪ್ಪನ ಗದ್ದೆ. ಸೋಮಶೇಖರಪ್ಪ ಕೆಟ್ಟವನೇನಲ್ಲ. ಊರು ಏನೆನ್ನುತ್ತದೋ ಅದೇ ಅವನ ಅಭಿಪ್ರಾಯ, ಅಷ್ಟೇ. ಇಂಥ ಜನ ಕೆಟ್ಟವರಿಗಿಂತ ಹೆಚ್ಚು ಹಾನಿ ಮಾಡುತ್ತಾರೆ.

ಇಲ್ಲಿ ಭೂಮಿ ಹುಣ್ಣಿಮೆಯ ವಿಷಯ ಹೇಳಬೇಕು. ಮಳೆ ಹಿಂದೆ ಸರಿದು ಪೈರು ಹೊಟ್ಟೆ ತುಂಬಿ ನಿಂತಾಗ ಬರುವ ಹಬ್ಬ ಅದು. ಗದ್ದೆ ಬಸುರಿ ಎಂದು ಲೆಕ್ಕ. ಅವಳಿಗೆ ಬಯಕೆಯ ಊಟ ಬಡಿಸಬೇಕು. ಕಡುಬು, ಬೆರಕೆ ಸೊಪ್ಪು, ಬುತ್ತಿ ಎಲ್ಲ ಮಾಡಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ನಸುಕಿಗೇ ಗದ್ದೆಗೆ ಇಳಿಯುತ್ತೇವೆ. ಮನೆಯೊಡತಿ ತನ್ನ ಕೊರಳ ತಾಳಿಯನ್ನು ಬಿಚ್ಚಿ ಪೈರಿಗೆ ಹಾಕುತ್ತಾಳೆ. ಪೂಜೆ ಮುಗಿಯುವ ತನಕ ಅದು ಪೈರಿನ ಕೊರಳಿನಲ್ಲಿ ಇರುತ್ತದೆ, ಆಮೇಲೆ ಮತ್ತೆ ಅವಳ ಕೊರಳಿಗೆ. ಬಳಿಕ ಸೊಪ್ಪು ಬೆರೆಸಿದ ಅನ್ನವನ್ನು ಗಂಡ ಗದ್ದೆಯ ಮೂಲೆಮೂಲೆಗೂ ಬೀರುತ್ತಾನೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಚೆಂದದ ಹಬ್ಬ. ಇಷ್ಟು ಚೆಂದದ ಹಬ್ಬವನ್ನು ಒಂದು ಹೆಂಗಸಿನ ಕತ್ತಿಗೆ ಕುಣಿಕೆ ಮಾಡಬಹುದು ಎಂದು ನನಗೆ ಆಗ ಗೊತ್ತಿರಲಿಲ್ಲ.

ಗಂಡ ಸತ್ತ ವರ್ಷ ಅವಳ ಗದ್ದೆಯಲ್ಲಿ ಪೂಜೆ ನಡೆಯಲಿಲ್ಲ. ಮರುವರ್ಷ ಹುಣ್ಣಿಮೆ ಹತ್ತಿರ ಬಂದಾಗ, ಊರಿನಲ್ಲಿ ಪೂಜೆ ಪುನಸ್ಕಾರಕ್ಕೆಲ್ಲ ಹಿರಿಯರಾದ ಮಂಜಯ್ಯನವರು ಅವಳ ಅಂಗಳಕ್ಕೆ ಹೋದರು. ನಾನು ತೌಡು ಕೊಡಲು ಅಲ್ಲಿಗೆ ಹೋಗಿದ್ದೆ.

"ಪೂಜೆ ಸೋಮಶೇಖರನ ಕೈಲಿ ಮಾಡ್ಸು ಕಲ್ಲಮ್ಮ. ಗಂಡ ಹೆಂಡತಿ ಇಬ್ರೂ ಇರೋ ಕೈ ಆಗ್ಬೇಕು" ಎಂದರು.

"ಗದ್ದೆ ನಂದು, ಕೂಳು ನಾನು ಬೇಯ್ಸಿದ್ದು, ಬಯಕೆ ಉಣ್ಣೋಳು ಭೂಮ್ತಾಯಿ. ನಡುವೆ ಅವನ್ಯಾರು ಅಯ್ನೋರೇ?" ಎಂದಳು ಕಲ್ಲಕ್ಕ.

"ಪೈರಿಗೆ ತಾಳಿ ಯಾರದ್ದು ಹಾಕ್ತೀಯ?"

ಅವಳು ಒಳಗೆ ಹೋಗಿ ಅವರಿಗೆ ಕಾಫಿ ತಂದುಕೊಟ್ಟಳು. ಅವರು ಒಪ್ಪಿದಳು ಎಂದುಕೊಂಡು ಕಾಫಿ ಕುಡಿದು ಹೋದರು.

ಹುಣ್ಣಿಮೆಯ ಬೆಳಿಗ್ಗೆ ಅವಳು ಒಬ್ಬಳೇ ಬುಟ್ಟಿ ಹೊತ್ತು ಗದ್ದೆಗೆ ಇಳಿದಳು. ಗಂಡ ಸತ್ತಾಗ ತೆಗೆದಿಟ್ಟಿದ್ದ ತನ್ನದೇ ತಾಳಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಪೈರಿಗೆ ಹಾಕಿದಳು. ಚರಗವನ್ನೂ ತಾನೇ ಬೀರಿದಳು. ಬದುವಿನ ಆಚೆ ಸೋಮಶೇಖರಪ್ಪ ಮತ್ತು ಅವನ ಹೆಂಡತಿ ನೀಲಾಂಬಿಕೆ ತಮ್ಮ ಪೂಜೆ ನಿಲ್ಲಿಸಿ ಇದನ್ನೇ ನೋಡುತ್ತ ನಿಂತರು. ನಾನು ಗಿರಣಿಯ ಬಾಗಿಲು ತೆಗೆಯುವ ಹೊತ್ತಿಗೆ, ಸತ್ತವನ ತಾಳಿಯನ್ನು ಬಸುರಿ ಪೈರಿಗೆ ಕಟ್ಟಿದಳಂತೆ ಎಂಬ ಸುದ್ದಿ ನನಗಿಂತ ಮೊದಲು ಬಂದು ಜಗಲಿಯ ಮೇಲೆ ಕೂತಿತ್ತು.

ಆ ವರ್ಷ ಅವಳ ಗದ್ದೆಯಲ್ಲಿ ಬಿಳಿ ತೆನೆ ಎದ್ದಿತು. ಕಾಳು ಕಟ್ಟಿದ ತೆನೆ ತಲೆ ಬಾಗಿಸುತ್ತದೆ. ಬಿಳಿ ತೆನೆ ಬಾಗುವುದಿಲ್ಲ. ಒಳಗೆ ಏನೂ ಇಲ್ಲದೆ ನೆಟ್ಟಗೆ ನಿಲ್ಲುತ್ತದೆ. ಕೆರೆ ಏರಿಯ ಮೇಲೆ ನಿಂತು ನೋಡಿದರೆ ಹಸಿರು ಗದ್ದೆಯಲ್ಲಿ ಅಲ್ಲಲ್ಲಿ ನರೆ ಬಂದ ಹಾಗೆ ಕಾಣುತ್ತಿತ್ತು. ಊರಿಗೆ ಅಷ್ಟೇ ಸಾಕಾಯಿತು. ನೋಡಿದ್ರಾ, ಬೋಳು ಕೊರಳ ಪೂಜೆ, ಬೋಳು ತೆನೆ ಎಂದರು. ಗಿರಣಿಯಲ್ಲಿ ನನ್ನ ಮುಂದೆಯೇ ಅಂದರು. ಹಾಗೆಂದವರ ಭತ್ತ ಹಾಕಿಕೊಳ್ಳದೆ ಮೂಟೆ ಹೊರಗಿಟ್ಟೆ. ಅದರಿಂದ ಆದದ್ದೇನೂ ಇಲ್ಲ, ಅವರು ಮೂಟೆ ಹೊತ್ತು ಬೇರೆ ಗಿರಣಿಗೆ ಹೋದರು.

ಕಲ್ಲಕ್ಕ ಒಂದು ಹೊರೆ ಬಿಳಿ ತೆನೆ ಕಿತ್ತು ಮಂಜಯ್ಯನವರ ಜಗಲಿಗೆ ತಂದು ಹಾಕಿದಳು. ಅವರ ಕಣ್ಣೆದುರಿಗೇ ದಂಟು ಸೀಳಿದಳು. ಒಳಗೆ ಹುಳ ಇತ್ತು. ದಂಟನ್ನು ಒಳಗಿಂದಲೇ ಕೊರೆದು ತಿಂದು ತೆನೆಗೆ ಹಾಲು ಹೋಗದಂತೆ ಮಾಡುವ ಹುಳ. ಇನ್ನೊಂದು ಸೀಳಿದಳು, ಅದರಲ್ಲೂ ಇತ್ತು.

"ಇದು ನನ್ನ ತಾಳೀನಾ? ಹೇಳಿ ಅಯ್ನೋರೇ, ಇದು ನನ್ನ ಗಂಡನಾ?"

"ಹುಳ ಅಂತ ನಂಗೂ ಗೊತ್ತು ಕಲ್ಲಮ್ಮ. ನಾನೂ ಗದ್ದೆ ಮಾಡಿದೋನೇ. ಹುಳ ಎಲ್ಲಾ ಕಡೆ ಇರತ್ತೆ. ನಿನ್ನ ಗದ್ದೆಗೇ ಈ ಪಾಟಿ ಯಾಕೆ ಬಂತು, ಅದನ್ನ ಹೇಳು."

ಈ ಮಾತಿಗೆ ಏನು ಹೇಳುತ್ತೀರಿ? ಅವರಿಗೆ ತಿಳಿಯದಿದ್ದರೆ ತಿಳಿಸಬಹುದಿತ್ತು. ಎಲ್ಲ ತಿಳಿದೂ, ಅದರ ಮೇಲೆ ಇನ್ನೊಂದು ಅಂತಸ್ತು ಕಟ್ಟಿ ಅಲ್ಲಿ ಅವಳನ್ನು ಕೂಡಿಹಾಕಿದರು. ನಿಜವಾದ ಕಾರಣ ಅವರ ಕಾಲ ಬುಡದಲ್ಲೇ ಇತ್ತು. ನಮ್ಮಲ್ಲಿ ನಾಟಿಗೆ ಮುಯ್ಯಾಳು ಪದ್ಧತಿ: ನೀವು ನಮ್ಮ ಗದ್ದೆಗೆ ಬನ್ನಿ, ನಾವು ನಿಮ್ಮ ಗದ್ದೆಗೆ ಬರುತ್ತೇವೆ. ಆ ವರ್ಷ ಕಲ್ಲಕ್ಕ ಎಲ್ಲರ ಗದ್ದೆಯಲ್ಲೂ ಬೆನ್ನು ಬಗ್ಗಿಸಿ ನೆಟ್ಟಳು. ಅವಳ ಸರದಿ ಬಂದಾಗ ಎಲ್ಲರಿಗೂ ಕೆಲಸ ಇತ್ತು. ಗಂಡು ದಿಕ್ಕಿಲ್ಲದ ಗದ್ದೆ ತಾನೇ, ಕೊನೆಗೆ ಮಾಡಿದರಾಯಿತು ಎಂದರು. ಊರಿಗೆಲ್ಲ ಕೊನೆಯಲ್ಲಿ ಅವಳ ನಾಟಿ ಆಯಿತು. ಉಳಿದ ಗದ್ದೆಗಳ ಪೈರು ಬಲಿತಾಗ ಎಳೆ ಹಸಿರು ಉಳಿದದ್ದು ಅವಳದ್ದೊಂದೇ. ಹಾತೆ ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ದೀಪಕ್ಕೆ ಬಂದು ಬೀಳುವ ಚಿಟ್ಟೆಯ ಜಾತಿಗೆ ನಾವು ಹಾತೆ ಎನ್ನುತ್ತೇವೆ. ಈ ಹುಳದ ತಾಯಿಯೂ ಒಂದು ಹಾತೆ. ಹೆಬ್ಬೆರಳಿನ ಉಗುರಿನಷ್ಟು ಉದ್ದ, ಅರಿಶಿನದ ಬಣ್ಣ, ರೆಕ್ಕೆಗೊಂದು ಕಪ್ಪು ಬೊಟ್ಟು. ಹಗಲಿಡೀ ಒಣಹುಲ್ಲಿನ ಚೂರಿನ ಹಾಗೆ ಎಲೆಗೆ ಅಂಟಿ ಕೂತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಉಣ್ಣುವ ಗೋಜೂ ಇಲ್ಲ. ಎಲೆಯ ತುದಿಯಲ್ಲಿ ಮೊಟ್ಟೆ ಇಟ್ಟು, ತನ್ನ ಮೈಯ ನವಿರನ್ನೇ ಕಂಬಳಿಯಾಗಿ ಹೊದಿಸಿ ಹೋಗುತ್ತದೆ. ಮಾಡುವುದನ್ನೆಲ್ಲ ಮರಿ ಮಾಡುತ್ತದೆ. ದೀಪದ ಬುಡದಲ್ಲಿ ಸತ್ತು ಬಿದ್ದ ಹಾತೆಯನ್ನು ಕಂಡು ಅಯ್ಯೋ ಪಾಪ ಎನ್ನುವವರೂ ಇದ್ದಾರೆ.

ಗದ್ದೆ ಕೊಕ್ಕರೆಯೂ ಅಡಗುವುದರಲ್ಲಿ ಕಡಿಮೆಯಿಲ್ಲ. ಬದುವಿನ ಮೇಲೆ ಕತ್ತು ಒಳಗೆಳೆದುಕೊಂಡು ನಿಂತರೆ ಕೆಸರಿನ ಹೆಂಟೆ ಎಂದುಕೊಂಡು ಪಕ್ಕದಲ್ಲೇ ನಡೆದುಹೋಗುತ್ತೇವೆ. ಆದರೆ ಅದು ಹಾತೆಯಷ್ಟು ಜಾಣ ಅಲ್ಲ. ಹತ್ತಿರ ಹೋದರೆ ಗಾಬರಿಯಾಗಿ ಹಾರುತ್ತದೆ, ಹಾರಿದೊಡನೆ ರೆಕ್ಕೆಯ ಬಿಳಿಯೆಲ್ಲ ಊರಿಗೇ ಕಾಣುತ್ತದೆ. ತಿನ್ನುವುದು ಕಪ್ಪೆ, ಏಡಿ, ಮೀನು, ಮಿಡತೆ, ಸಿಕ್ಕ ಹುಳಹುಪ್ಪಟೆ. ಭತ್ತದ ಕಾಳಿಗೆ ಕೊಕ್ಕು ತಾಗಿಸುವುದಿಲ್ಲ. ಸಸಿಮಡಿ ತುಳಿಯುತ್ತದೆ, ನಿಜ. ನಮ್ಮ ಎಮ್ಮೆಗಳು ತುಳಿಯುವುದರ ಮುಂದೆ ಅದೆಲ್ಲ ಏನೂ ಅಲ್ಲ. ಹೀಗೆ ಒಂದು ಕಾಣದೆ ಬೆಳೆ ತಿನ್ನುತ್ತದೆ, ಇನ್ನೊಂದು ಏನೂ ಮಾಡದೆ ಕಣ್ಣಿಗೆ ಬೀಳುತ್ತದೆ. ನಮ್ಮೂರು ಕಣ್ಣಿಗೆ ಬಿದ್ದದ್ದಕ್ಕೆ ಹೊಡೆಯುವ ಊರು.

ಮರುವರ್ಷ ಅವಳ ಕೈ ಕಟ್ಟಿಹಾಕಿದರು. ಪೂಜೆಯನ್ನು ಸೋಮಶೇಖರಪ್ಪ ದಂಪತಿಗೆ ಬಿಟ್ಟುಕೊಡದಿದ್ದರೆ ನಾಟಿಗೆ ಒಬ್ಬರೂ ಬರುವುದಿಲ್ಲ ಎಂದರು. ನಾಟಿಯಿಲ್ಲದೆ ಏನು ಮಾಡಿಯಾಳು? ಹೂಂ ಎಂದಳು. ಆದರೆ ಸಸಿ ಕಿತ್ತು ಕಟ್ಟು ಕಟ್ಟಿದ ಮೇಲೆ ಕುಡುಗೋಲು ತೆಗೆದು ಒಂದೊಂದು ಕಟ್ಟಿನ ತುದಿಯನ್ನೂ ಕೊಯ್ದು ರಾಶಿ ಹಾಕಿ ಸುಟ್ಟಳು. ಮೊಟ್ಟೆ ಇರುವುದು ತುದಿಯಲ್ಲಿ. ರೇಡಿಯೋದಲ್ಲಿ ಹೇಳುತ್ತಾರೆ, ಕೃಷಿ ಇಲಾಖೆಯವರು ಹೇಳುತ್ತಾರೆ, ಎಲ್ಲರೂ ಕೇಳಿದ್ದಾರೆ. ಯಾರೂ ಮಾಡುವುದಿಲ್ಲ, ಯಾಕೆಂದರೆ ತುದಿ ಕೊಯ್ದ ಸಸಿ ತಲೆ ಬೋಳಿಸಿದ ಹಾಗೆ ಕಾಣುತ್ತದೆ, ಅದು ಅಪಶಕುನ. ನಾಟಿಗೆ ಬಂದ ಹೆಂಗಸರು ಆ ಸಸಿಯನ್ನು ಮುಟ್ಟಲು ಹಿಂದೆ ಮುಂದೆ ನೋಡಿದರು. "ನಂಗೆ ಅಪಶಕುನ ಅಂತ ಹೊಸದಾಗಿ ಎಂತ ಆಗ್ಬೇಕಿದೆ? ನೆಡಿ, ನೆಡಿ" ಎಂದಳು.

ಆ ಹುಣ್ಣಿಮೆಯಂದು ಅವಳು ತನ್ನ ಗದ್ದೆಯ ಬದುವಿನ ಮೇಲೆ ಹೊರಗಿನವಳ ಹಾಗೆ ನಿಂತಳು. ನೀಲಾಂಬಿಕೆ ತನ್ನ ತಾಳಿಯನ್ನು ಪೈರಿಗೆ ಹಾಕಿದಳು. ವಿಧವೆಯ ಗದ್ದೆ, ತನ್ನ ಗಂಡನಿಗೆ ಏನಾದರೂ ಆದೀತು ಎಂಬ ಭಯ ಅವಳಿಗೆ. ಹಾಕಿದ್ದೇ ತಡ ಕಿತ್ತುಕೊಂಡು ಕೊರಳಿಗೆ ಹಾಕಿಕೊಂಡಳು. ಕಲ್ಲಕ್ಕ ಅದನ್ನು ನೋಡಿದಳು.

ಬೆಳೆ ಚೆನ್ನಾಗಿ ಬಂತು. ಬಿಳಿ ತೆನೆ ಹುಡುಕಿದರೂ ಸಿಗದಂಥ ಬೆಳೆ. ಗಿರಣಿಯಲ್ಲಿ ಅವಳ ಅಕ್ಕಿ ಹಿಡಿಯಲ್ಲಿ ತೆಗೆದುಕೊಂಡು ನಾನು ಖುಷಿಯಾಗಿ ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಸೋಮಶೇಖರಪ್ಪ, "ನೋಡಿದ್ರಾ ಅತ್ತಿಗೆ? ನಮ್ಮ ನೀಲನ ತಾಳಿ ಭಾಗ್ಯ" ಎಂದ. ಸುತ್ತ ಇದ್ದವರೆಲ್ಲ ಹೌದೌದು ಎಂದರು. ತುದಿ ಕೊಯ್ದವಳು ಇವಳು, ನಾಟಿಗೆ ಹದ ನೋಡಿ ಮುಂಚೆ ಸಸಿ ಕಿತ್ತವಳು ಇವಳು. ಭಾಗ್ಯ ಮಾತ್ರ ನೀಲನದ್ದು! ನಾನು ಕೈಯಲ್ಲಿದ್ದ ಅಕ್ಕಿಯನ್ನು ಚೀಲಕ್ಕೆ ಎಸೆದು, "ಹಂಗಾದ್ರೆ ನಿನ್ನ ಗದ್ದೇಲೂ ಒಂದು ಜೊಳ್ಳು ಇರಬಾರದಿತ್ತಲ್ಲ ಸೋಮಣ್ಣ? ಇಲ್ಲಿದೆ ನೋಡು ನಿನ್ನ ಜೊಳ್ಳು" ಎಂದು ಕಿರುಚಿದೆ. ಅವನು ನಕ್ಕ. ಕಲ್ಲಕ್ಕ ಅವತ್ತು ಜಗಳ ಮಾಡದೆ ಹೋದಳು, ನುಚ್ಚನ್ನೂ ಮರೆತು ಹೋದಳು. ಅವಳನ್ನು ಬಲ್ಲವರಿಗೆ ಅದು ನೋಡಲು ಆಗುವಂಥದ್ದಾಗಿರಲಿಲ್ಲ.

ಅದರ ಮುಂದಿನ ವರ್ಷ, ಎರಡು ಸಾವಿರದ ಐದರಲ್ಲಿ, ಸೋಮಶೇಖರಪ್ಪನ ಟಿಲ್ಲರು ಕೆಟ್ಟು ಕೂತಿತು. ಅವನದ್ದೂ ಅವನ ಟಿಲ್ಲರನ್ನೇ ನಂಬಿದ್ದ ಅಕ್ಕಪಕ್ಕದವರದ್ದೂ ನಾಟಿ ತಡವಾಯಿತು. ಹುಣ್ಣಿಮೆಗೆ ಗಂಡ ಹೆಂಡತಿ ಶಾಸ್ತ್ರಕ್ಕೆ ಒಂದಿಷ್ಟೂ ಕೊರತೆ ಮಾಡದೆ ಪೂಜೆ ಮಾಡಿದರು, ತಮ್ಮ ಗದ್ದೆಗೂ ಕಲ್ಲಕ್ಕನ ಗದ್ದೆಗೂ. ತಿಂಗಳಾಗುವ ಹೊತ್ತಿಗೆ ಸೋಮಶೇಖರಪ್ಪನ ಗದ್ದೆ ಬೆಳ್ಳಗಾಯಿತು. ಮಂಜಯ್ಯನವರ ಗದ್ದೆಯ ಒಂದು ಮಗ್ಗುಲೂ ಬೆಳ್ಳಗಾಯಿತು. ಮುಂಚೆಯೇ ನಾಟಿ ಮುಗಿಸಿ, ಆ ಸಲವೂ ತುದಿ ಕೊಯ್ದು ನೆಟ್ಟಿದ್ದ ಕಲ್ಲಕ್ಕನದ್ದು ಹಸಿರಾಗಿಯೇ ಇತ್ತು.

ಈಗ ಯಾರ ತಾಳಿಯನ್ನು ದೂರುವುದು? ನೀಲಾಂಬಿಕೆಯದನ್ನು ದೂರಲು ಬಾರದು, ಅವಳು ಮುತ್ತೈದೆ. ಪೂಜೆಯ ದಿನ ಕಲ್ಲಕ್ಕ ಬದುವಿನಿಂದ ಕೆಳಗೆ ಇಳಿದಿರಲಿಲ್ಲ. ಸಂಜೆ ಹಾಲು ಹಾಕಿದ ಮೇಲೆ ಡೇರಿಯ ಜಗಲಿಯಲ್ಲಿ ಎಲ್ಲರೂ ಸೇರಿದರು. ಕಲ್ಲಕ್ಕನೂ ಹಾಲಿನ ಕ್ಯಾನು ಹಿಡಿದು ಒಂದು ಕಡೆ ಕೂತಿದ್ದಳು. ಸೋಮಶೇಖರಪ್ಪ ಶುರು ಮಾಡಿದ.

"ಎಲ್ಲಾ ಆ ಕೊಕ್ಕರೆ ದೆಸೆಯಿಂದ. ಬಸರಿ ಮರದ ಬುಡಕ್ಕೆ ಹೋಗಿ ನೋಡ್ರಿ, ಹಿಕ್ಕೆ ಬಿದ್ದು ಸುಣ್ಣ ಹೊಡೆದಂಗಿದೆ. ಅದೇ ಕಾಲಲ್ಲಿ ಬಂದು ಗದ್ದೆಗೆ ಇಳೀತಾವೆ. ಬಿಳಿ ಬಿದ್ದಲ್ಲಿ ಬಿಳಿ ಏಳದೆ ಇನ್ನೇನು ಏಳತ್ತೆ? ಮರ ತೆಗೆದ್ರೆ ಪೀಡೆ ಹೋಗತ್ತೆ."

ತಲೆಗಳು ಒಂದೊಂದಾಗಿ ಆಡಿದವು. ಕೆರೆ ಏರಿಯ ಮರ ಸರ್ಕಾರದ್ದು ಎಂದು ಒಬ್ಬ ಅನುಮಾನ ತೆಗೆದ. ಗಾಳಿಗೆ ಬಿತ್ತು ಅಂದರಾಯಿತು ಎಂದ ಇನ್ನೊಬ್ಬ. ಮರ ಕಡಿಯುವ ಜಟ್ಟಪ್ಪನಿಗೆ ಹೇಳಿಯೂ ಆಗಿತ್ತು. ನಾನು ಎದ್ದು, ಕೊಕ್ಕರೆ ಕಾಲಿನಿಂದ ತೆನೆ ಬಿಳಿಯಾಗುವುದಾದರೆ ಕಾಗೆ ಕೂತ ಕಡೆಯೆಲ್ಲ ಕರಿ ತೆನೆ ಏಳಬೇಕಿತ್ತಲ್ಲ ಎಂದು ಕೂಗಿದೆ. ಕೂತ್ಕೋ ಮಾರಾಯ, ನಿನಗೆಲ್ಲಿದೆ ಗದ್ದೆ ಎಂದರು.

ಆಮೇಲೆ ಮಂಜಯ್ಯನವರು ಗಂಟಲು ಸರಿಮಾಡಿಕೊಂಡು ಕಲ್ಲಕ್ಕನ ಕಡೆ ತಿರುಗಿದರು. "ನಿನ್ನ ಗದ್ದೆ ಮರಕ್ಕೆ ಹತ್ರ ಕಲ್ಲಮ್ಮ. ಅವತ್ತು ಆದದ್ದೂ ಇದರಿಂದಲೇ ಇರಬೇಕು. ಹಂಗಾಗಿ ನಿನ್ನ ಮೇಲಿನ ದೋಷ ಇಲ್ಲಿಗೆ ಬಿಟ್ಟು ಹೋಯ್ತು ಅಂತ ತಿಳ್ಕೊ. ಮರ ಹೋಗ್ಲಿ. ಬರೋ ವರ್ಷದಿಂದ ನಿನ್ನ ಗದ್ದೆ ಪೂಜೆ ನೀನೇ ಮಾಡ್ಕೊ, ಯಾರೂ ಏನೂ ಅನ್ನಲ್ಲ."

ದೋಷ ಬಿಟ್ಟು ಹೋಯಿತಂತೆ, ನೆಗಡಿ ಬಿಟ್ಟು ಹೋದ ಹಾಗೆ! ಹಾಕಿದವರು ಯಾರು, ತೆಗೆಯುವವರು ಯಾರು? ನನ್ನ ಮೈಯೆಲ್ಲ ಉರಿಯಿತು. ಆದರೂ ಕಲ್ಲಕ್ಕ ಒಪ್ಪುತ್ತಾಳೆ ಎಂದೇ ನಾನು ಎಣಿಸಿದ್ದೆ. ತನ್ನ ಗದ್ದೆಗೆ ತಾನೇ ಚರಗ ಚೆಲ್ಲಬೇಕು ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ಅದನ್ನೇ ಕೈಗೆ ಕೊಡುತ್ತಿದ್ದರು. ಬದಲಿಗೆ ಹೋಗುವುದು ಅವಳು ದಿನಾ ಬೆಳಿಗ್ಗೆ ಶಪಿಸುವ ಕೊಕ್ಕರೆಗಳ ಮರ. ಸುಮ್ಮನೆ ಕೂತಿದ್ದರೂ ಸಾಕಿತ್ತು, ಎಲ್ಲ ಅವಳದ್ದಾಗುತ್ತಿತ್ತು.

ಅವಳು ಎದ್ದು ನಿಂತಳು.

"ಆ ಕೊಕ್ಕರೆ ನಂಗೆ ನೆಂಟ ಅಲ್ಲ. ಅದರ ಕಾಲು ಮುರಿಯ. ಆದ್ರೆ ನಿಮ್ಮ ಬುದ್ಧಿ ಎಂಥದ್ದು ಅಂತ ನಂಗೆ ಇವತ್ತು ಗೊತ್ತಾಯ್ತು ಅಯ್ನೋರೇ. ಹಾತೆ ನೋಡಿದೀರಲ್ಲ? ಅರಿಶಿನ ಬಳ್ಕಂಡು, ಬೊಟ್ಟು ಇಟ್ಕಂಡು ಬರತ್ತೆ. ಅದು ನಿಮಗೆ ಮುತ್ತೈದೆ. ಊರಿನ ಬೆಳೆ ಎಲ್ಲ ತಿಂದ್ರೂ ಅದನ್ನ ಯಾರೂ ಕೇಳಲ್ಲ. ಕೊಕ್ಕರೆ ಬಿಳಿ ಉಟ್ಟಿದೆ. ಹುಳ ಹೆಕ್ಕಿದ್ರೂ ಅದು ಮಾರಿ. ಅವತ್ತು ಬಿಳಿ ತೆನೆಗೆ ನಾನು ಸಿಕ್ದೆ. ಇವತ್ತು ನಾನು ಸಿಗ್ಲಿಲ್ಲ, ಕೊಕ್ಕರೆ ಸಿಗ್ತು. ನಾಳೆ ಕೊಕ್ಕರೆ ಇಲ್ದೇ ಇದ್ರೆ ಮತ್ತೆ ನನ್ನ ಬಾಗ್ಲಿಗೇ ಬತ್ತೀರಿ."

ಯಾರೋ ನಡುವೆ ಬಾಯಿ ಹಾಕಿದರು. ಅವಳು ಹಾಲಿನ ಕ್ಯಾನನ್ನು ನೆಲಕ್ಕೆ ಕುಕ್ಕಿದಳು.

"ಕೇಳ್ರಿ. ಮರ ಕಡೀಬೇಕಾ, ಕಡೀರಿ. ಆದ್ರೆ ಅದಕ್ಕೆ ಕೊಡ್ಲಿ ಬಿತ್ತೋ, ಬರೋ ಹುಣ್ಣಿಮೆಗೆ ಈ ಊರಿನ ಒಂದೊಂದು ಗದ್ದೆಗೂ ನಾನು ಇಳೀತೀನಿ. ನನ್ನ ತಾಳಿ ಹಾಕಿ ಪೂಜೆ ಮಾಡ್ತೀನಿ. ನನ್ನ ಕೈಯಾರೆ ಚರಗ ಚೆಲ್ತೀನಿ. ಅಯ್ನೋರ ಗದ್ದೆಯಿಂದಲೇ ಶುರು. ನನ್ನ ಕೈಗೆ ಅಷ್ಟು ಶಕ್ತಿ ಇದೆ ಅಂತ ಹೇಳಿದ್ದು ನಾನಲ್ಲ, ನೀವು."

ಹುಳ ಎಂದು ನನಗೂ ಗೊತ್ತು ಎಂದಿದ್ದ ಮಂಜಯ್ಯನವರ ಮುಖ ಸುಣ್ಣದಂತಾಗಿತ್ತು. ಆ ಕ್ಷಣ ಅವರು ಒಂದೇ ಒಂದು ಮಾತು ಹೇಳಬಹುದಿತ್ತು: ಅಮ್ಮಾ, ಮಾಡು ಪೂಜೆ, ನಿನ್ನ ತಾಳಿಯಿಂದ ಏನೂ ಆಗುವುದಿಲ್ಲ, ಅದೆಲ್ಲ ನಮ್ಮ ಹುಚ್ಚು. ಹೇಳಲಿಲ್ಲ. ಒಬ್ಬರೂ ಹೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಕ್ಯಾನು ಎತ್ತಿಕೊಂಡು ಮನೆಗೆ ಹೋದರು. ಕೊಡಲಿ ಮಸೆದಿಟ್ಟಿದ್ದ ಜಟ್ಟಪ್ಪನಿಗೆ, ಬೇಡ ಬಿಡು ಎಂದು ಹೇಳಿ ಕಳಿಸಿದರು.

ಮರ ಉಳಿದದ್ದು ಹೀಗೆ. ಇದರಲ್ಲಿ ಕರುಣೆ ಎಲ್ಲಿದೆ, ನೀವೇ ಹೇಳಿ.

ಊರು ಸೇಡು ತೀರಿಸಿಕೊಳ್ಳದೆ ಬಿಡಲಿಲ್ಲ. ಮುಂದಿನ ಮಳೆಗಾಲ ಅವಳ ನಾಟಿಗೆ ಮುಯ್ಯಾಳು ಬರಲಿಲ್ಲ. ಅವಳು ಯಾರನ್ನೂ ಕರೆಯಲೂ ಇಲ್ಲ. ತವರಿನ ಕಡೆಯಿಂದ ಹೊಳೆ ದಾಟಿ ಮೂರು ಹೆಂಗಸರು ಬಂದರು. ನಾನೂ ನನ್ನ ಹೆಂಡತಿಯೂ ಗಿರಣಿಗೆ ಬೀಗ ಹಾಕಿ ಗದ್ದೆಗೆ ಇಳಿದೆವು. ನಾನು ನೆಟ್ಟ ಸಾಲು ನೋಡಿ, "ಹಾವು ಹರಿದಂಗೆ ನೆಟ್ಟಿದೀಯ ಮಾರಾಯ, ಏಳು ಮೇಲೆ, ಸಸಿ ಹೊರು" ಎಂದು ಎಬ್ಬಿಸಿದಳು. ದಾರಿಯಲ್ಲಿ ಅವಳು ಎದುರಾದರೆ ಜನ ಪಕ್ಕಕ್ಕೆ ಸರಿದು ನಿಲ್ಲಲು ಶುರು ಮಾಡಿದರು. ಮೊದಲು ಅಪಶಕುನ ಎಂದು ಸರಿಯುತ್ತಿದ್ದರು, ಈಗ ಹೆದರಿ ಸರಿಯುತ್ತಾರೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಒಂದು ದಿನ ನನ್ನನ್ನು ಕೇಳಿದಳು.

ಹುಣ್ಣಿಮೆ ಬಂತು. ಅವಳು ಬುಟ್ಟಿ ಹೊತ್ತು ತನ್ನ ಗದ್ದೆಗೆ ಇಳಿದಳು. ಯಾರೂ ತಡೆಯಲಿಲ್ಲ. ನನ್ನನ್ನೂ ಹೆಂಡತಿಯನ್ನೂ ಊಟಕ್ಕೆ ಕರೆದಿದ್ದರಿಂದ ನಾವು ಬದುವಿನ ಮೇಲೆ ಇದ್ದೆವು. ಅವಳು ಸೆರಗಿನ ಗಂಟು ಬಿಚ್ಚಿ ತಾಳಿ ತೆಗೆದು ಪೈರಿಗೆ ಹಾಕಿದಳು. ಹೂಯ್ ಎಂದು ಕೂಗುತ್ತ ಮೂಲೆಮೂಲೆಗೂ ಚರಗ ಬೀರಿದಳು. ಬದುವಿನ ಆಚೆ ಸೋಮಶೇಖರಪ್ಪನ ಮನೆಯವರು ಆಗಲೇ ಗಡಿಬಿಡಿಯಲ್ಲಿ ತಮ್ಮ ಪೂಜೆ ಮುಗಿಸಿ ನಿಂತಿದ್ದರು. ಕಲ್ಲಕ್ಕನ ಕೈಯಿಂದ ಅನ್ನ ಎಲ್ಲಿಯವರೆಗೆ ಹಾರುತ್ತದೆ ಎಂದೇ ಅವರ ಕಣ್ಣು.

ನಾವು ಊಟಕ್ಕೆ ಕೂತಾಗ ನೀಲಾಂಬಿಕೆ ಬದು ದಾಟಿ ಬಂದಳು. ಕೈಯಲ್ಲಿ ಬಾಳೆಲೆ, ಅದರಲ್ಲಿ ಕುಂಬಳಕಾಯಿ ಕಡುಬು, ಒಂದು ಅಚ್ಚು ಬೆಲ್ಲ, ಮೇಲೆ ಹೂವು. ದೇವರ ಮುಂದೆ ಇಡುವ ಹಾಗೆ ಕಲ್ಲಕ್ಕನ ಮುಂದೆ ಇಟ್ಟು ಕೈ ಮುಗಿದಳು.

"ಅಕ್ಕಾ, ಇವರು ಕೊಟ್ಟು ಬಾ ಅಂದ್ರು. ನಮ್ಮ ಗದ್ದೆ ಮೇಲೆ ಸಿಟ್ಟು ಇಟ್ಕೋಬೇಡಿ."

ಕಲ್ಲಕ್ಕ ಎಲೆಯನ್ನು ನೋಡಿದಳು. ಕುಂಬಳಕಾಯಿ ಕಡುಬು ಎಂದರೆ ಅವಳಿಗೆ ಪ್ರಾಣ, ಅದು ನೀಲಾಂಬಿಕೆಗೂ ಗೊತ್ತು. ಅವಳು ಬೈಯುತ್ತಾಳೆ ಎಂದು ನಾನು ಕಾದೆ. ಬೈಯಲಿಲ್ಲ. ಅವಳು ದನಿ ಏರಿಸದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹೆದ್ರಿ ತಂದಿದ್ದು ನಂಗೆ ಬೇಡ ನೀಲ. ತಗಂಡು ಹೋಗು. ತಪ್ಪಾಯ್ತು ಅಂತ ಒಂದು ಮಾತು ಹೇಳಿ ತರಕ್ಕೆ ಹೇಳು ನಿನ್ನ ಗಂಡಂಗೆ, ಅಯ್ನೋರಿಗೆ, ಯಾರಿಗಾದ್ರೂ. ಹಳಸಿದ್ದು ತಂದ್ರೂ ತಿಂತೀನಿ."

ನೀಲಾಂಬಿಕೆಯ ತುಟಿ ಅಲುಗಿತು. ಆಚೆ ನಿಂತಿದ್ದ ಗಂಡನ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಬಗ್ಗಿ ಎಲೆ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದಳು. ಅದಾಗಿ ಹುಣ್ಣಿಮೆಗಳು ಬಂದು ಹೋಗಿವೆ, ಪ್ರತಿ ಸಲವೂ ಬದುವಿನ ಮೇಲೆ ಯಾರೋ ಕಡುಬು ತಂದಿಟ್ಟು ಕೈ ಮುಗಿದು ಓಡುತ್ತಾರೆ, ಕಲ್ಲಕ್ಕ ಅದನ್ನು ಮುಟ್ಟುವುದಿಲ್ಲ. ಆ ಒಂದು ಮಾತು ಹೇಳಲು ನಮ್ಮೂರಿನಲ್ಲಿ ಇನ್ನೂ ಯಾರಿಗೂ ಬಾಯಿ ಬಂದಿಲ್ಲ.